ದೀಪಸ್ತಂಭದ ಬೆಕ್ಕು ಹೊತ್ತು ತಂದದ್ದು

ಬೆಕ್ಕು ಸಾಕಿದವರ ಕಿವಿಗೆ ಒಂದು ಕೂಗು ಚೆನ್ನಾಗಿ ಗೊತ್ತು. ಹಸಿವಿನ ಮಿಯಾಂವ್ ಅಲ್ಲ, ಬಾಗಿಲು ತೆಗೆಯೆಂಬ ಗೋಗರೆತವೂ ಅಲ್ಲ. ಬಾಯಿ ತುಂಬ ಏನನ್ನೋ ಕಚ್ಚಿಕೊಂಡು, ಗಂಟಲೊಳಗಿನಿಂದಲೇ ಎಳೆದು ಹೊರಡಿಸುವ, ಉಸಿರು ಕಟ್ಟಿದಂಥ ರಾಗ ಅದು. ಕೇಳಿದೊಡನೆ ಮನೆಮಂದಿ ಕಾಲು ಮೇಲೆತ್ತಿ ಕೂರುತ್ತಾರೆ. ಇಲಿಯೋ, ಓತಿಕ್ಯಾತವೋ, ಅಳಿಲ ಮರಿಯೋ ನಡುಮನೆಯಲ್ಲಿ ಬಿಡುಗಡೆಯಾಗುತ್ತದೆ. ಜೀವವಿದ್ದರೆ ನೇರ ಗ್ಯಾಸ್ ಸಿಲಿಂಡರಿನ ಹಿಂದಕ್ಕೆ ನುಗ್ಗುತ್ತದೆ. ಆಮೇಲೆ ಪೊರಕೆ, ಮೊರ, ಟಾರ್ಚು, ಗಲಾಟೆ. ತಂದ ಬೆಕ್ಕು ಮಾತ್ರ ತನ್ನ ಪಾಲಿನ ಕೆಲಸ ಮುಗಿಯಿತೆಂಬಂತೆ ಬಾಲ ಸುತ್ತಿಕೊಂಡು ಕೂತು ನೋಡುತ್ತಿರುತ್ತದೆ.

1894ರಲ್ಲಿ ನ್ಯೂಜಿಲೆಂಡಿನ ಒಂದು ಪುಟ್ಟ ದ್ವೀಪದಲ್ಲಿ, ದೀಪಸ್ತಂಭದ ಸಹಾಯಕ ಪಾಲಕನೊಬ್ಬನ ಮನೆಗೆ ಬೆಕ್ಕು ಹೀಗೆಯೇ ಬೇಟೆ ತಂದು ಹಾಕತೊಡಗಿತು. ತಂದದ್ದು ಇಲಿಯಲ್ಲ, ಹಕ್ಕಿ. ಬಹುಪಾಲು ಸತ್ತ ಹಕ್ಕಿ. ಅದನ್ನು ಪೊರಕೆಯಲ್ಲಿ ಗುಡಿಸಿ ಕಡಲಿಗೆ ಎಸೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಡೇವಿಡ್ ಲಯಾಲ್ ಎಂಬ ಆ ಪಾಲಕ ಎಸೆಯಲಿಲ್ಲ. ಕೈಗೆತ್ತಿಕೊಂಡು ನೋಡಿದ. ಹಕ್ಕಿಗಳ ಬಗ್ಗೆ ಅವನಿಗೆ ಅಷ್ಟಿಷ್ಟು ತಿಳಿವಳಿಕೆ ಇತ್ತು, ಆದರೆ ಇಂಥದನ್ನು ಅವನು ಎಲ್ಲೂ ಕಂಡಿರಲಿಲ್ಲ. ಅವನೊಬ್ಬನೇ ಅಲ್ಲ, ಪ್ರಪಂಚದ ಯಾವ ಪಕ್ಷಿಶಾಸ್ತ್ರಜ್ಞನೂ ಕಂಡಿರಲಿಲ್ಲ.

ದ್ವೀಪದ ಹೆಸರು ಸ್ಟೀಫನ್ಸ್. ದಕ್ಷಿಣ ದ್ವೀಪದ ಉತ್ತರದಂಚಿನಲ್ಲಿ, ಮಾರ್ಲ್‌ಬರೋ ಸೌಂಡ್ಸ್ ಎಂಬ ಕಡಲ ಸೀಳುಗಳ ತುದಿಗೆ ಅದು ನಿಂತಿದೆ. ಅಳತೆ ಸುಮಾರು 150 ಹೆಕ್ಟೇರು, ಅಂದರೆ 370 ಎಕರೆ. ನಮ್ಮ ಕಡೆ ಒಂದು ಸಣ್ಣ ಹಳ್ಳಿಯ ಹೊಲಗದ್ದೆಯಷ್ಟು. ಎತ್ತರ ಮಾತ್ರ 283 ಮೀಟರು, ಕಡಲಿನಿಂದ ಕಡಿದಾಗಿ ಎದ್ದ ಬಂಡೆ. 1770ರಲ್ಲಿ ಇತ್ತ ಹಾದುಹೋದ ಕ್ಯಾಪ್ಟನ್ ಕುಕ್ ಬ್ರಿಟಿಷ್ ನೌಕಾಖಾತೆಯ ಕಾರ್ಯದರ್ಶಿಯ ಹೆಸರನ್ನು ಇದಕ್ಕಿಟ್ಟ. ಆ ಕಾರ್ಯದರ್ಶಿ ದ್ವೀಪವನ್ನು ಕನಸಿನಲ್ಲೂ ಕಂಡವನಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಅದಕ್ಕೂ ಎಷ್ಟೋ ಮೊದಲಿನಿಂದ ಟಾಕಾಪೊರೆವಾ ಎನ್ನುತ್ತಿದ್ದರು, ಈಗಲೂ ಅದೇ ಹೆಸರು ಚಾಲ್ತಿಯಲ್ಲಿದೆ.

ಹಡಗುಗಳಿಗೆ ಅದು ಅಪಾಯದ ದಾರಿ. ಹಾಗಾಗಿ ಸರ್ಕಾರ ಅಲ್ಲೊಂದು ದೀಪಸ್ತಂಭ ಕಟ್ಟಲು ಹೊರಟಿತು. ಕಾಡು ಸವರಿ ದಾರಿ ಮಾಡಿದರು, ಎರಕಹೊಯ್ದ ಕಬ್ಬಿಣದ ಗೋಪುರ ನಿಲ್ಲಿಸಿದರು, 1894ರ ಜನವರಿ 29ರಂದು ಮೊದಲ ಬಾರಿಗೆ ದೀಪ ಹೊತ್ತಿತು. ಮೂವರು ಪಾಲಕರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ 17 ಜನ ಆ ಬಂಡೆಯ ಮೇಲೆ ಸಂಸಾರ ಹೂಡಿದರು. ದೋಣಿ ನಿಲ್ಲಲು ಸರಿಯಾದ ದಡವಿಲ್ಲ. ಸಾಮಾನನ್ನೂ ಮನುಷ್ಯರನ್ನೂ ಕ್ರೇನಿನಲ್ಲೇ ಮೇಲಕ್ಕೆತ್ತಬೇಕು. ಹಿನೆಮೊವಾ ಎಂಬ ಸರ್ಕಾರಿ ಉಗಿಹಡಗು ಆಗಾಗ ಬಂದು ಸಾಮಾನನ್ನೂ ಕಾಗದಪತ್ರವನ್ನೂ ಕೊಟ್ಟುಹೋಗುತ್ತಿತ್ತು. ಇಂಥ ಕಡೆ ಸಂಸಾರ ಮಾಡುವವರು ಹಸು, ಕುರಿ, ಕೋಳಿಗಳ ಜೊತೆಗೆ ಬೆಕ್ಕನ್ನೂ ಒಯ್ಯುವುದು ಸಹಜ. ಹಡಗು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಎಂಬುದು ಕಡಲಿನವರ ಹಳೆಯ ಲೆಕ್ಕ. ಬೆಕ್ಕು ದ್ವೀಪಗಳಿಗೆಲ್ಲ ಹಬ್ಬಿದ್ದೇ ಹೀಗೆ, ಸಂಬಳವಿಲ್ಲದ ಹಡಗಿನ ನೌಕರನಾಗಿ.

ತಮಾಷೆಯೆಂದರೆ ಈ ದ್ವೀಪದಲ್ಲಿ ಹಿಡಿಯಲು ಇಲಿಗಳೇ ಇರಲಿಲ್ಲ.

ಇದು ಸಣ್ಣ ಸಂಗತಿಯಲ್ಲ. ಬಾವಲಿಗಳನ್ನು ಬಿಟ್ಟರೆ ನ್ಯೂಜಿಲೆಂಡಿನ ನೆಲದಲ್ಲಿ ಮೂಲತಃ ಸಸ್ತನಿಗಳೇ ಇಲ್ಲ. ನೆಲದ ಮೇಲೆ ಮೂಸುತ್ತ ಬಂದು ಹಿಡಿಯುವ ಪ್ರಾಣಿ ಎಂದರೇನೆಂದು ಅಲ್ಲಿನ ಹಕ್ಕಿಗಳಿಗೆ ಲಕ್ಷಾಂತರ ವರ್ಷ ತಿಳಿದಿರಲಿಲ್ಲ. ಅವುಗಳ ಶತ್ರುಗಳೆಲ್ಲ ಮೇಲಿನಿಂದ ಕಣ್ಣಿಟ್ಟು ಎರಗುವ ಗಿಡುಗ, ಗೂಬೆಗಳು. ಅಲ್ಲಾಡದೆ ಕೂತರೆ, ಸಂದಿಗೆ ನುಸುಳಿದರೆ ಬಚಾವು. ವಾಸನೆ ಹಿಡಿದು ಬರುವವರ ಮುಂದೆ ಈ ಉಪಾಯ ನಡೆಯುವುದಿಲ್ಲ. ಸುಮಾರು 13ನೆಯ ಶತಮಾನದಲ್ಲಿ ಪಾಲಿನೇಷ್ಯದಿಂದ ಬಂದ ಜನರ ದೋಣಿಗಳಲ್ಲಿ ಕಿಯೊರೆ ಎಂಬ ಇಲಿಯೂ ಬಂತು. ಯುರೋಪಿನವರ ಜೊತೆ ಹಡಗಿನ ಇಲಿ ಬಂತು, ಬೆಕ್ಕು ಬಂತು, ಮೊಲ ಬಂತು. ಮೊಲ ಹೆಚ್ಚಾಯಿತೆಂದು 1880ರ ದಶಕದಲ್ಲಿ ಮುಂಗುಸಿಯಂಥ ಸ್ಟೋಟ್ ಪ್ರಾಣಿಗಳನ್ನು ತಂದು ಬಿಟ್ಟರು. ಮುಖ್ಯ ನೆಲದಲ್ಲಿ ನೆಲಹಕ್ಕಿಗಳು ಒಂದೊಂದಾಗಿ ಮುಗಿಯುತ್ತ ಬಂದವು. ಕಡಲೇ ಕೋಟೆಯಾಗಿದ್ದ ಸ್ಟೀಫನ್ಸ್‌ನಂಥ ತುಣುಕು ನೆಲಗಳಲ್ಲಿ ಮಾತ್ರ ಕೆಲವು ಉಳಿದುಕೊಂಡವು.

ಲಯಾಲನ ಮನೆಗೆ ಬಂದ ಹಕ್ಕಿ ಅಂಥದ್ದು. ಬೆರಳುದ್ದಕ್ಕಿಂತ ತುಸು ಹೆಚ್ಚು, ಸುಮಾರು 10 ಸೆಂಟಿಮೀಟರು. ಹಸಿರು ಬೆರೆತ ಕಂದು ಮೈ, ಒಂದೊಂದು ಗರಿಗೂ ಕಪ್ಪು ಅಂಚು, ಕಣ್ಣಿನ ಮೇಲೊಂದು ತೆಳು ಗೆರೆ. ಬಾಲ ಮೋಟು, ರೆಕ್ಕೆ ಇನ್ನೂ ಮೋಟು. ಜೀವಂತವಾಗಿ ಅವನು ಅದನ್ನು ಕಂಡದ್ದು ಎರಡೇ ಸಲ. ಮುಸ್ಸಂಜೆಯಲ್ಲಿ ಬಂಡೆಯ ಪೊಟರೆಯಿಂದ ಹೊರಬಂದು ಇಲಿಯ ಹಾಗೆ ಓಡಿತು, ಹಾರಲೇ ಇಲ್ಲ ಎಂದು ಅವನು ತಿಳಿಸಿದ್ದಾನೆ. ಗುಬ್ಬಿ, ಕಾಗೆ, ಪಿಕಳಾರಗಳು ಸೇರಿದ ದೊಡ್ಡ ಬಳಗದಲ್ಲಿ ಹಾರುವುದನ್ನೇ ಬಿಟ್ಟ ಹಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದು. ಅಂಥದೊಂದು, ಇಲಿಯಿಲ್ಲದ ದ್ವೀಪದಲ್ಲಿ ಇಲಿಯಂತೆ ಓಡುತ್ತಿತ್ತು. ಬೆಕ್ಕಿಗೆ ಇನ್ನೇನು ಬೇಕು?

ಬೇಟೆಯನ್ನು ಸಿಕ್ಕಲ್ಲೇ ತಿನ್ನದೆ ಬೆಕ್ಕು ಮನೆಗೇಕೆ ತರುತ್ತದೆ? ಯಜಮಾನನಿಗೆ ಕಾಣಿಕೆ ಎಂದು ಸಾಕಿದವರು ಹೆಮ್ಮೆಪಡುವುದುಂಟು. ಬೆಕ್ಕಿಗೆ ಅಷ್ಟು ವಿನಯವಿದೆಯೆಂದು ನಂಬುವುದು ಕಷ್ಟ. ಮರಿ ಹಾಕಿದ ತಾಯಿಬೆಕ್ಕಿನ ಪಾಠಕ್ರಮ ಮಾತ್ರ ಬಲ್ಲವರಿಗೆಲ್ಲ ಗೊತ್ತು: ಮೊದಮೊದಲು ಸತ್ತದ್ದನ್ನು ತಂದು ಮರಿಗಳ ಮುಂದಿಡುತ್ತದೆ, ಆಮೇಲೆ ಅರೆಜೀವದ್ದು, ಕೊನೆಗೆ ಓಡಬಲ್ಲದ್ದು. ಮರಿಗಳಿಲ್ಲದಿದ್ದರೂ ತನಗೆ ಭದ್ರವೆನಿಸಿದ ಜಾಗಕ್ಕೆ ಬೇಟೆ ಒಯ್ಯುವ ಚಾಳಿ ಉಳಿಯುತ್ತದೆ. ಮನೆ ಅದಕ್ಕೆ ಅಂಥ ಜಾಗ.

ತರುವುದೆಲ್ಲ ಸೇರಿದರೂ ಹಿಡಿದದ್ದರ ಒಂದು ಪಾಲು ಅಷ್ಟೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಬಿಟ್ಟು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಗೆ ಬಂದ ಬೇಟೆ ಶೇ. 23 ಮಾತ್ರ. ಶೇ. 28ರಷ್ಟನ್ನು ಅಲ್ಲೇ ತಿಂದಿದ್ದವು, ಉಳಿದ ಅರ್ಧದಷ್ಟನ್ನು ಕೊಂದು ಬಿಟ್ಟುಬಂದಿದ್ದವು. ಆ ಊರಿನ ಲೆಕ್ಕವನ್ನು ಎತ್ತಿ ಈ ದ್ವೀಪಕ್ಕೆ ಹೊಂದಿಸಲಾಗದು. ಆದರೂ ಲಯಾಲನ ಹೊಸ್ತಿಲಿಗೆ ಬಂದ ಹಕ್ಕಿಗಳ ಹಿಂದೆ ಪೊದೆಯಲ್ಲೇ ಮುಗಿದವು ಎಷ್ಟಿದ್ದವೋ ಎಂಬ ಯೋಚನೆ ಬಾರದಿರದು.

ಲಯಾಲ್ ಹಕ್ಕಿಯ ಚರ್ಮ ಸುಲಿದು, ಒಣಗಿಸಿ ಇಡುವುದನ್ನು ಬಲ್ಲವನಾಗಿದ್ದ. 10 ಸೆಂಟಿಮೀಟರಿನ ಹಕ್ಕಿಯ ತೊಗಲು ಈರುಳ್ಳಿ ಸಿಪ್ಪೆಯಂತೆ ತೆಳು, ಬೆಕ್ಕಿನ ಹಲ್ಲು ತಾಗಿದ್ದರೆ ಮತ್ತೂ ನಾಜೂಕು. ಆದರೂ ಅವನು ಬಿಡಲಿಲ್ಲ. ಒಂದನ್ನು ಹಿನೆಮೊವಾ ಹಡಗಿನ ಎರಡನೆಯ ಎಂಜಿನಿಯರ್ ಬೆಥೂನನ ಕೈಗೆ ಕೊಟ್ಟ. ಬೆಥೂನ್ ಅದನ್ನು ವೆಲಿಂಗ್ಟನ್ನಿನಲ್ಲಿದ್ದ ಸರ್ ವಾಲ್ಟರ್ ಬುಲ್ಲರ್‌ಗೆ ಮುಟ್ಟಿಸಿದ. ಬುಲ್ಲರ್ ವೃತ್ತಿಯಲ್ಲಿ ವಕೀಲ. ನ್ಯೂಜಿಲೆಂಡಿನ ಹಕ್ಕಿಗಳ ಬಗ್ಗೆ 1873ರಲ್ಲೇ ದೊಡ್ಡ ಗ್ರಂಥ ಬರೆದು, ಆ ವಿಷಯದಲ್ಲಿ ತನ್ನ ಮಾತೇ ಕೊನೆಯದು ಎಂದುಕೊಂಡಿದ್ದವ. ನೋಡಿದ ತಕ್ಷಣ ಇದು ಹೊಸ ಹಕ್ಕಿ ಎಂದು ಗುರುತಿಸಿದ. ಲಂಡನ್ನಿನಲ್ಲಿ ಹೊರಡುತ್ತಿದ್ದ 'ಐಬಿಸ್' ಎಂಬ ಪಕ್ಷಿಶಾಸ್ತ್ರದ ಪತ್ರಿಕೆಗೆ ವರದಿ ಬರೆದ, ಆ ಕಾಲದ ಹೆಸರಾಂತ ಕಲಾವಿದ ಕ್ಯೂಲೆಮನ್ಸ್ ಚಿತ್ರ ಬರೆಯಲೆಂದು ಹಕ್ಕಿಯನ್ನೂ ಹಡಗು ಹತ್ತಿಸಿ ಕಳಿಸಿದ. ಎಲ್ಲ ಕ್ರಮಬದ್ಧ, ಎಲ್ಲ ನಿಧಾನ.

ಇಷ್ಟರಲ್ಲಿ ವ್ಯಾಪಾರ ಒಳನುಗ್ಗಿತು. ಹೆನ್ರಿ ಟ್ರಾವರ್ಸ್ ಎಂಬವನು ವೆಲಿಂಗ್ಟನ್ನಿನಲ್ಲಿ ಅಪರೂಪದ ಹಕ್ಕಿ, ಗಿಡಗಳ ಮಾದರಿಗಳನ್ನು ಸಂಗ್ರಹಿಸಿ ಮಾರುತ್ತಿದ್ದ. ಅವನಿಗೆ ಸುದ್ದಿ ತಿಳಿಯಿತು. ಬುಲ್ಲರ್ ಕೊಡುವುದಕ್ಕಿಂತ ಹೆಚ್ಚು ಕೊಡುವ ಗಿರಾಕಿ ಇಂಗ್ಲೆಂಡಿನಲ್ಲಿದ್ದಾನೆಂಬುದೂ ಗೊತ್ತಿತ್ತು. ಆ ಗಿರಾಕಿ ವಾಲ್ಟರ್ ರಾತ್‌ಶೀಲ್ಡ್: ಲೇವಾದೇವಿ ಮನೆತನದ ಕುಡಿ, ಆಗ 26ರ ಪ್ರಾಯ, ಬ್ಯಾಂಕಿಗಿಂತ ಚಿಟ್ಟೆ ಹಕ್ಕಿಗಳ ಮೇಲೆ ಹೆಚ್ಚು ಪ್ರೀತಿ. ಟ್ರಿಂಗ್ ಎಂಬ ಊರಿನಲ್ಲಿ ಸ್ವಂತ ಮ್ಯೂಸಿಯಂ ತೆರೆದಿದ್ದ, ಸಾರೋಟಿಗೆ ಜೀಬ್ರಾ ಕಟ್ಟಿ ಓಡಿಸಿದ್ದ. ಟ್ರಾವರ್ಸ್ ಲಯಾಲನಿಂದ ಹಕ್ಕಿಗಳನ್ನು ಪಡೆದು, ಒಂಬತ್ತನ್ನು ರಾತ್‌ಶೀಲ್ಡ್‌ಗೆ ಮಾರಿದ. ಬೆಲೆ ತಲಾ 5 ಪೌಂಡು. ಬೆಕ್ಕು ಪುಕ್ಕಟೆ ತಂದು ಹಾಕಿದ್ದಕ್ಕೆ ಆ ಕಾಲದಲ್ಲಿ ಇದು ಭಾರೀ ಮೊತ್ತ.

1894ರ ಡಿಸೆಂಬರ್ 19ರಂದು ಬ್ರಿಟಿಷ್ ಪಕ್ಷಿಶಾಸ್ತ್ರಜ್ಞರ ಕ್ಲಬ್ಬಿನ ಸಭೆ ಸೇರಿತು. ರಾತ್‌ಶೀಲ್ಡ್ ಹೊಸ ಹಕ್ಕಿಯನ್ನು ಸಾರಿದ. 'ಟ್ರಾವರ್ಸಿಯ ಲಯಾಲಿ' ಎಂದು ಹೆಸರಿಟ್ಟ. ಐಬಿಸ್‌ನ ಸಂಪಾದಕ ಸ್ಕ್ಲೇಟರ್ ಅಲ್ಲೇ ಇದ್ದ. ಬುಲ್ಲರನ ಲೇಖನ ಅಚ್ಚಿನ ಹಾದಿಯಲ್ಲಿದೆ, ತುಸು ತಡೆಯಬಾರದೇ ಎಂದು ಕೇಳಿದ. ರಾತ್‌ಶೀಲ್ಡ್ ಒಪ್ಪಲಿಲ್ಲ. ಜೀವಿಗಳಿಗೆ ಹೆಸರಿಡುವ ಶಾಸ್ತ್ರದಲ್ಲಿ ಮೊದಲು ಅಚ್ಚಾದದ್ದೇ ನಿಲ್ಲುವುದು. ಬುಲ್ಲರ್ ಇಟ್ಟ 'ಕ್ಸೆನಿಕಸ್ ಇನ್ಸುಲಾರಿಸ್' 1895ರ ಏಪ್ರಿಲಿನಲ್ಲಿ ಅಚ್ಚಾಗುವ ಹೊತ್ತಿಗೆ ಹಳಸಿಹೋಗಿತ್ತು. ಈ ಸಿಟ್ಟನ್ನು ಬುಲ್ಲರ್ ಕೊನೆಯವರೆಗೂ ಬಿಡಲಿಲ್ಲ.

ಹೆಸರನ್ನೊಮ್ಮೆ ಬಿಡಿಸಿ ನೋಡಬೇಕು. ಮೊದಲರ್ಧ ಮಾರಿದವನದು, ಉಳಿದರ್ಧ ಸುಲಿದವನದು. ಹಿಡಿದು ತಂದವರಿಗೆ ಪಾಲಿಲ್ಲ, ಹಕ್ಕಿಯ ಮಾತು ಹೋಗಲಿ.

ಲಂಡನ್ನಿನಲ್ಲಿ ಈ ಹೆಸರಿನ ಜಗಳ ನಡೆಯುತ್ತಿರುವಾಗ ದ್ವೀಪದಲ್ಲಿ ಬೇರೆಯೇ ಕತೆ ನಡೆದಿತ್ತು. ಬೆಕ್ಕು ಒಂದೇ ಆಗಿ ಉಳಿದಿರಲಿಲ್ಲ. ದೀಪ ಹೊತ್ತಿದ ಹೊಸತರಲ್ಲೇ ಬಸುರಿ ಬೆಕ್ಕೊಂದು ತಪ್ಪಿಸಿಕೊಂಡು ಕಾಡು ಸೇರಿರಬೇಕೆಂಬುದು ಇತಿಹಾಸ ಕೆದಕಿದವರ ಅಂದಾಜು. ಮರಿಗಳು ಬೆಳೆದವು, ಅವಕ್ಕೆ ಮರಿಗಳಾದವು. ಬೆಕ್ಕುಗಳು ಕಾಡುಬಿದ್ದು ಎಲ್ಲ ಹಕ್ಕಿಗಳನ್ನೂ ಧ್ವಂಸ ಮಾಡುತ್ತಿವೆ ಎಂದು ಲಯಾಲನೇ ಪತ್ರದಲ್ಲಿ ಬರೆದ. ಹೆಚ್ಚಿನ ಹಕ್ಕಿಗಳಿಗಾಗಿ ಟ್ರಾವರ್ಸ್ ದ್ವೀಪದಲ್ಲೆಲ್ಲ ಹುಡುಕಿದ, ಒಂದೂ ಸಿಗಲಿಲ್ಲ. 1895ರ ಮಾರ್ಚ್ 16ರಂದು ಕ್ರೈಸ್ಟ್‌ಚರ್ಚಿನ 'ದಿ ಪ್ರೆಸ್' ಪತ್ರಿಕೆ, ಈ ಹಕ್ಕಿ ಇನ್ನು ದ್ವೀಪದಲ್ಲಿ ಇಲ್ಲವೆಂದೇ ನಂಬಬೇಕಾಗಿದೆ, ಬೇರೆಲ್ಲೂ ಇರುವ ಸುದ್ದಿಯೂ ಇಲ್ಲ ಎಂದು ಬರೆಯಿತು. ಬುಲ್ಲರನ ಲೇಖನ ಇನ್ನೂ ಓದುಗರ ಕೈಗೆ ಬಂದಿರಲಿಲ್ಲ. ಜಾತಕ ಬರೆದು ಮುಗಿಯುವ ಮೊದಲೇ ತಿಥಿ.

ಅದೇ ಬರಹದಲ್ಲಿ ಪತ್ರಿಕೆ ದೀಪಸ್ತಂಭ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಒಂದು ಸಲಹೆಯನ್ನೂ ಕೊಟ್ಟಿತ್ತು: ಅಪರೂಪದ ಹಕ್ಕಿಗಳಿರುವ ದೂರದ ದ್ವೀಪಗಳಿಗೆ ದೀಪಸ್ತಂಭದ ಪಾಲಕರನ್ನು ಕಳಿಸುವಾಗ ಬೆಕ್ಕು ಒಯ್ಯಗೊಡಬಾರದು, ಬೇಕಿದ್ದರೆ ಸರ್ಕಾರದ ಖರ್ಚಿನಲ್ಲೇ ಇಲಿಬೋನು ಕೊಡಿಸಲಿ. ನೂರಮೂವತ್ತು ವರ್ಷದ ಹಿಂದಿನ ಪತ್ರಕರ್ತನ ಈ ಕುಹಕದಲ್ಲಿ, ಇಂದು ವನ್ಯಜೀವಿ ಇಲಾಖೆಗಳು ಪುಟಗಟ್ಟಲೆ ಬರೆಯುವ ನಿಯಮದ ತಿರುಳೆಲ್ಲ ಇದೆ.

ಮುಂದೆ ಕತೆ ಬಾಯಿಂದ ಬಾಯಿಗೆ ಹೋಯಿತು, ಇಲಿ ಹೋದದ್ದು ಹುಲಿ ಹೋಯಿತೆನ್ನುವ ಹಾಗೆ. ಇಡೀ ನಾಶವನ್ನು ರಾತ್‌ಶೀಲ್ಡ್ ಒಂದೇ ಬೆಕ್ಕಿನ ಲೆಕ್ಕಕ್ಕೆ ಬರೆದ. ಬರಬರುತ್ತ ಆ ಬೆಕ್ಕಿಗೆ ಟಿಬಲ್ಸ್ ಎಂಬ ಮುದ್ದು ಹೆಸರೂ ಅಂಟಿಕೊಂಡಿತು. ಹಕ್ಕಿಯ ಕೊನೆಯ ಜೋಡಿಯನ್ನೂ ಅದೇ ಹಿಡಿದು ತಂದು ಮೆಟ್ಟಿಲ ಮೇಲಿಟ್ಟಿತೆಂಬ ಚಿತ್ರ ಮಕ್ಕಳ ಪುಸ್ತಕಕ್ಕೆ ಹೇಳಿಮಾಡಿಸಿದಂತಿದೆ. ಒಂದು ಜೀವಜಾತಿ, ಒಂದು ಬೆಕ್ಕು, ಒಬ್ಬ ಪಾಲಕ: ಕೇಳಲು ಎಷ್ಟು ಚೊಕ್ಕ! 2004ರಲ್ಲಿ ರಾಸ್ ಗಾಲ್ಬ್ರೆತ್ ಮತ್ತು ಡೆರೆಕ್ ಬ್ರೌನ್ ಎಂಬ ಇಬ್ಬರು ಹಳೆಯ ಪತ್ರಗಳನ್ನೂ ದೀಪಸ್ತಂಭದ ದಾಖಲೆಗಳನ್ನೂ ಹುಡುಕಿ ತೆಗೆದು 'ನೊಟಾರ್ನಿಸ್' ಪತ್ರಿಕೆಯಲ್ಲಿ ಈ ಚೊಕ್ಕತನವನ್ನು ಕಳಚಿಹಾಕಿದರು. ಒಂದು ಬೆಕ್ಕಲ್ಲ, ಬೆಕ್ಕುಗಳ ಹಿಂಡು.

ಹಿಂಡು ಎಷ್ಟು ದೊಡ್ಡದೆಂಬುದಕ್ಕೆ ದೀಪಸ್ತಂಭದ ಪತ್ರಗಳೇ ಸಾಕ್ಷಿ. ಕಾಡುಬೆಕ್ಕುಗಳನ್ನು ಕೊಲ್ಲಲು ಬಂದೂಕು, ಮದ್ದು ಬೇಕೆಂದು ಮುಖ್ಯ ಪಾಲಕ ಇಲಾಖೆಗೆ ಬರೆಯಬೇಕಾಯಿತು. 1899ರಲ್ಲಿ ಬಂದ ಹೊಸ ಮುಖ್ಯ ಪಾಲಕ ಒಂದು ವರ್ಷದೊಳಗೇ ನೂರಕ್ಕೂ ಹೆಚ್ಚು ಬೆಕ್ಕುಗಳನ್ನು ಹೊಡೆದುಹಾಕಿದ್ದ. 370 ಎಕರೆಯಲ್ಲಿ ನೂರು ಬೆಕ್ಕು, ಅದೂ ಹೊಡೆದವು ಮಾತ್ರ! ಆದರೂ ಮುಗಿಯಲಿಲ್ಲ. ದ್ವೀಪ ಬೆಕ್ಕುಗಳಿಂದ ಪೂರ್ತಿ ಬಿಡುಗಡೆಯಾದದ್ದು 1925ರಲ್ಲಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ನಮ್ಮ ಗಾದೆಯ ಇಲಿಗಳು ಸಭೆಯನ್ನಾದರೂ ಸೇರಿದ್ದವು.

ಹಾಗೆಂದು ಪಾಪವನ್ನೆಲ್ಲ ಬೆಕ್ಕುಗಳ ತಲೆಗೆ ಕಟ್ಟುವುದೂ ಅರ್ಧ ನ್ಯಾಯ. ದನಕುರಿ ಮೇಯಿಸಲು ದ್ವೀಪದ ಕಾಡಿನ ಹೆಚ್ಚು ಪಾಲನ್ನು ಕಡಿದದ್ದು ಬೆಕ್ಕಲ್ಲ. ಒಂದು ಹಕ್ಕಿಗೆ 5 ಪೌಂಡೆಂದು ದರ ಕಟ್ಟಿದ್ದೂ ಬೆಕ್ಕಲ್ಲ. ಇನ್ನೂ ಹಿಂದಿನ ಸಂಗತಿ ತಡವಾಗಿ ಬೆಳಕಿಗೆ ಬಂತು: ಮುಖ್ಯ ನೆಲದ ಗುಹೆಗಳಲ್ಲಿ, ಈಗ ಅಳಿದುಹೋಗಿರುವ ನಗುಗೂಬೆ ಎಂಬ ಗೂಬೆ ತಿಂದು ಉಗುಳಿದ ಎಲುಬಿನ ರಾಶಿಗಳಲ್ಲಿ ಈ ಹಕ್ಕಿಯದೇ ಮೂಳೆಗಳು ಸಿಕ್ಕವು. ಅಂದರೆ ಇದು ಒಂದು ದ್ವೀಪದ ಹಕ್ಕಿಯೇ ಅಲ್ಲ. ನ್ಯೂಜಿಲೆಂಡಿನ ಎರಡೂ ದೊಡ್ಡ ದ್ವೀಪಗಳಲ್ಲಿ ಓಡಾಡಿಕೊಂಡಿತ್ತು. ಯುರೋಪಿನವರು ಬರುವ ಮೊದಲೇ ಕಿಯೊರೆ ಇಲಿಗಳು ಅಲ್ಲಿ ಅದನ್ನು ಮುಗಿಸಿದ್ದವು. ಸ್ಟೀಫನ್ಸ್‌ನಲ್ಲಿ ಬೆಕ್ಕುಗಳು ಹಿಡಿದದ್ದು ಹಳೆಯ ಸಂಸಾರವೊಂದರ ಕೊನೆಯ ಕೋಣೆಯನ್ನು.

ಇನ್ನೂ ಒಂದು ಮಾತನ್ನು ಬೆಕ್ಕಿನ ಪರವಾಗಿ ಹೇಳಬಹುದು, ಕೆಲವರಿಗೆ ರುಚಿಸಲಿಕ್ಕಿಲ್ಲ. ಮುಸ್ಸಂಜೆಯಲ್ಲಿ ಮಾತ್ರ ಹೊರಬರುವ, ಬಂಡೆಸಂದಿಯಲ್ಲಿ ಬದುಕುವ, ಬೆರಳುದ್ದದ ಈ ಹಕ್ಕಿಯನ್ನು ದ್ವೀಪದಲ್ಲೇ ವಾಸವಿದ್ದ ಆಸಕ್ತ ಲಯಾಲನೇ ಎರಡು ಸಲ ಕಂಡ. ಗೋಪುರ ಕಟ್ಟಲು ತಿಂಗಳುಗಟ್ಟಲೆ ಅಲ್ಲಿದ್ದ ಕೂಲಿಗಳು ಕಂಡಿದ್ದರೂ ಇಲಿ ಎಂದುಕೊಂಡಿರಬಹುದು. ಕಾಡುಬಿದ್ದ ಬೆಕ್ಕುಗಳಷ್ಟೇ ಇದ್ದಿದ್ದರೆ ಹಕ್ಕಿ ಯಾರಿಗೂ ತಿಳಿಯದಂತೆ ಮುಗಿದುಹೋಗುತ್ತಿತ್ತು. ಹಿಡಿದದ್ದನ್ನು ಮನೆಗೆ ಹೊತ್ತು ತರುವ ಚಾಳಿಯ ಸಾಕುಬೆಕ್ಕು ಇದ್ದದ್ದರಿಂದ, ಮನೆಯಲ್ಲಿ ಅದನ್ನು ಬಗ್ಗಿ ನೋಡುವವನೊಬ್ಬ ಇದ್ದದ್ದರಿಂದ, ಹಕ್ಕಿಗೆ ಹೆಸರು ಸಿಕ್ಕಿತು. ಸುಳಿವು ತಂದದ್ದೂ ಸುಳಿವಿಲ್ಲದಂತೆ ಮಾಡಿದ್ದೂ ಒಂದೇ ಬಾಯಿ.

ಉಳಿದ ಮಾದರಿಗಳು ಹದಿನೈದರ ಆಸುಪಾಸು. ರಾತ್‌ಶೀಲ್ಡ್ 1932ರಲ್ಲಿ ತನ್ನ ಹಕ್ಕಿ ಸಂಗ್ರಹದ ಬಹುಪಾಲನ್ನು ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಮಾರಿದಾಗ ಕೆಲವು ಸಮುದ್ರ ದಾಟಿದವು. ಲಂಡನ್, ವೆಲಿಂಗ್ಟನ್, ಕ್ರೈಸ್ಟ್‌ಚರ್ಚ್‌ಗಳಲ್ಲೂ ಒಂದೆರಡು ಇವೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ತೊಗಲು, ಕಾಲಿಗೊಂದು ಚೀಟಿ. ಅದು ಏನು ತಿನ್ನುತ್ತಿತ್ತು, ಗೂಡು ಹೇಗೆ ಕಟ್ಟುತ್ತಿತ್ತು, ಕೂಗು ಹೇಗಿತ್ತು, ಯಾವುದನ್ನೂ ಕೇಳಿಕೊಳ್ಳಲು ಪುರಸೊತ್ತಾಗಲಿಲ್ಲ.

ಮನೆಬೆಕ್ಕಿನ ಬೇಟೆ ತಗ್ಗಿಸುವುದು ಹೇಗೆಂಬ ಪ್ರಶ್ನೆಗೆ ವಿಜ್ಞಾನ ಗಂಭೀರವಾಗಿ ಕೈಹಾಕಿದ್ದು ಇತ್ತೀಚೆಗೆ. 2021ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಬೆಕ್ಕು ಸಾಕಿದ ನೂರಾರು ಮನೆಗಳಲ್ಲಿ ನೋಡಿದರು. ಮಾಂಸ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ಬರುವ ಬೇಟೆ ಶೇ. 36ರಷ್ಟು ಇಳಿಯಿತು, ದಿನಕ್ಕೆ ಐದು ಹತ್ತು ನಿಮಿಷ ಗರಿಯೋ ದಾರವೋ ಹಿಡಿದು ಆಡಿಸಿದರೆ ಶೇ. 25ರಷ್ಟು. ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಗಾದೆಯ ಇಲಿಗಳಿಗೆ ಇದನ್ನು ತಿಳಿಸಬಾರದು.

ಸ್ಟೀಫನ್ಸ್‌ನಲ್ಲಿ ದೀಪ 1989ರಿಂದ ತಾನೇ ತಾನಾಗಿ ಉರಿಯುತ್ತಿದೆ, ಪಾಲಕರ ಸಂಸಾರಗಳಿಲ್ಲ. ಬೆಕ್ಕಿನ ಕಾಟವನ್ನು ದಾಟಿ ಉಳಿದವರದೇ ಈಗ ರಾಜ್ಯ. ಟುವಾಟಾರ ಎಂಬ, ಹಲ್ಲಿಯಂತೆ ಕಂಡರೂ ಹಲ್ಲಿಯಲ್ಲದ, ಡೈನೋಸಾರ್ ಕಾಲದ ಬಳಗದ ಕೊನೆಯ ಕುಡಿ ಇಲ್ಲಿ ಹತ್ತಾರು ಸಾವಿರ ಸಂಖ್ಯೆಯಲ್ಲಿದೆ. ಅಷ್ಟು ದೊಡ್ಡ ನೆಲೆ ಅದಕ್ಕೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬೆಟ್ಟದ ನೆತ್ತಿಯ ಬಳಿ ಕಲ್ಲುರಾಶಿಯೊಂದರ ಸಂದಿಗಳಲ್ಲಿ, ವಟಗುಟ್ಟದ ಒಂದು ಕಪ್ಪೆ ಅಡಗಿ ಉಳಿದುಕೊಂಡಿತು. 1919ರಲ್ಲಿ ಅದಕ್ಕೂ ಹೆಸರು ಬಂತು, ಹ್ಯಾಮಿಲ್ಟನ್ ಕಪ್ಪೆ ಎಂದು. ನೀರಿನಲ್ಲಿ ಗೊದಮೊಟ್ಟೆಯಾಗುವ ಗೋಜೂ ಅದಕ್ಕಿಲ್ಲ. ಮೊಟ್ಟೆಯಿಂದ ಹೊರಬಂದದ್ದು ಅಪ್ಪನ ಬೆನ್ನೇರಿ ಕೂರುತ್ತದೆ. ಲಯಾಲ್ ಕಂಡ ಹಕ್ಕಿ ಓಡಿಬಂದದ್ದೂ ಇಂಥವೇ ಕಲ್ಲುಸಂದಿಗಳಿಂದ. ಈಗ ಅಲ್ಲಿ ಕಾಲಿಡಲು ಅನುಮತಿ ಬೇಕು. ಹೊರಡುವ ಮೊದಲು ಚೀಲ, ಬೂಟು, ಬುತ್ತಿ ಎಲ್ಲವನ್ನೂ ಬಿಚ್ಚಿಸಿ, ಒಳಗೆಲ್ಲಾದರೂ ಇಲಿ ಕೂತಿದೆಯೇ ಎಂದು ತಡಕಿ ನೋಡುತ್ತಾರೆ.